ಟಂಕೇಶ್ವರ ಬೋರಾನ ಗೇಟು

ಗೇಟು ಇದ್ದಲ್ಲೇ ಇತ್ತು.

ಟಂಕೇಶ್ವರ ಬೋರಾ ಅದನ್ನು ಅಲ್ಲಾಡಿಸಿ ನೋಡಿದ. ಬಿಸಿಲಿಗೆ ಬೂದುಬಣ್ಣಕ್ಕೆ ತಿರುಗಿದ ಹಳೆಯ ಬಿದಿರ ಗೇಟು. ಹಾಕಿದ ಅಗಳಿ ಹಾಕಿದಂತೆಯೇ ಇತ್ತು. ಪಕ್ಕದ ಮನೆಯ ಬೇಲಿ ಮಾಯವಾಗಿತ್ತು. ಎದುರು ಮನೆಯ ಬಾತುಕೋಳಿಗೂಡು ಖಾಲಿ. ಸುಗ್ಗಿಹಬ್ಬ ಮಾಘ ಬಿಹುವಿನ ಹಿಂದಿನ ರಾತ್ರಿ ಕದಿಯುವುದು ಅಸ್ಸಾಮಿನ ಹುಡುಗರ ಹಕ್ಕು. ಕಳೆದುಕೊಂಡವರು ಬೆಳಿಗ್ಗೆ ಬೈದು ಸುಮ್ಮನಾಗಬೇಕು.

ಹದಿನೇಳು ವರ್ಷ ಅವನ ಗೇಟೂ ತಪ್ಪದೆ ಹೋಗಿತ್ತು. ಬೇರೆಯವರ ಸಾಮಾನು ಬಿಹು ಬೆಂಕಿಯಲ್ಲಿ ಬೂದಿಯಾಗುತ್ತಿತ್ತು. ಅವನದು ಮಾತ್ರ ಕೊಟ್ಟಿಗೆಯ ಹಿಂದೆಯೋ ಸಾಸಿವೆ ಹೊಲದಲ್ಲೋ ಸಿಗುತ್ತಿತ್ತು. ಅವನು ಕೋಲು ಹಿಡಿದು, ಹುಡುಗರಿಗೆ ಬೈಯಲು ಬೆಂಕಿ ಹಾಕಿದ ಬಯಲಿಗೆ ಹೊರಡುತ್ತಿದ್ದ. ಊರವರೊಡನೆ ಅವನು ಬಾಯಿ ಬಿಡುತ್ತಿದ್ದದ್ದು ವರ್ಷಕ್ಕೆ ಅದೊಂದೇ ದಿನ.

ಹೊರಡುವ ಮೊದಲು ಹೆಂಡತಿ ಮಾಖನಿ ಅಂಗೈ ಚಾಚುತ್ತಿದ್ದಳು. ಬಿದಿರ ಕೊಳವೆಯಲ್ಲಿ ಅನ್ನ ಬೇಯಿಸುವಾಗ ಚುಚ್ಚಿತು ಎನ್ನುವಳು. ಅವನು ಗೊಣಗುತ್ತ ಸೂಜಿಯಿಂದ ಸಿಬಿರು ತೆಗೆಯುತ್ತಿದ್ದ.

"ಹೋಗಿ, ಚೆನ್ನಾಗಿ ಉಗಿದು ಬನ್ನಿ. ನಿಧಾನಕ್ಕೆ ಬಂದ್ರೂ ಆಯ್ತು."

ಮಾಖನಿ ತೀರಿಕೊಂಡು ನಾಲ್ಕು ತಿಂಗಳು. ಅವನು ಅತ್ತಿರಲಿಲ್ಲ. ಚಹಾ ಕಾಸುತ್ತಿದ್ದ, ಆರಲು ಬಿಡುತ್ತಿದ್ದ, ಚೆಲ್ಲುತ್ತಿದ್ದ. ಒಳಗೆಲ್ಲ ಮರಗಟ್ಟಿತ್ತು. ಗೇಟು ಹೋದರೆ ಕೋಪವಾದರೂ ಬಂದೀತು ಎಂದು ಬಿಹುವಿಗಾಗಿ ಕಾದಿದ್ದ.

ಕೋಲು ಹಿಡಿದೇ ಬಯಲಿಗೆ ಹೋದ. ಬೆಂಕಿಯ ಸುತ್ತ ಊರೇ ನೆರೆದಿತ್ತು.

"ನನ್ನ ಗೇಟು ಯಾಕ್ರೋ ಬಿಟ್ರಿ? ಹೆಂಡ್ತಿ ಸತ್ತ ಮನೆ, ಪಾಪ ಅಂತಾನಾ? ನಿಮ್ಮ ಕನಿಕರ ಯಾರಿಗೆ ಬೇಕು. ಎಲ್ಲಾ ವರ್ಷದ ಹಾಗೆ ಬಂದು ಹೊತ್ಕೊಂಡು ಹೋಗಿ."

ಬೈದ, ಆದರೆ ಕೋಪ ಬರಲಿಲ್ಲ. ಯಾರೂ ನಗಲಿಲ್ಲ. ಒಂದು ಕಾಲಕ್ಕೆ ಕಳ್ಳ ಹುಡುಗರ ಮುಂದಾಳಾಗಿದ್ದ, ಈಗ ಎರಡು ಮಕ್ಕಳ ತಂದೆಯಾದ ಬಿತುಪನ್ ಎದ್ದು ಬಂದ.

"ಕೂತ್ಕೊಳ್ಳಿ ಚಿಕ್ಕಪ್ಪಾ. ಹದಿನೆಂಟು ವರ್ಷದ ಹಿಂದೆ ಮೀನಿನ ಕೊಳದ ಜಗಳದಲ್ಲಿ, ಅಂಗಳಕ್ಕೆ ಬಂದೋರ ಕಾಲು ಮುರೀತೀನಿ ಅಂದಿದ್ರಿ. ಆಮೇಲೆ ನಿಮ್ಮ ಮನೆ ಕಡೆ ಯಾರು ಬಂದಿದ್ದಾರೆ? ಕೀಟಲೆ ಮಾಡೋಕೂ ಸಲಿಗೆ ಬೇಕಲ್ಲ."

"ಸುಳ್ಳು ಹೇಳ್ಬೇಡ. ಹದಿನೇಳು ವರ್ಷ ಕದ್ದಿದ್ದೀರಿ."

"ಒಂದ್ಸಲಾನೂ ಮುಟ್ಟಿಲ್ಲ. ಇಷ್ಟು ಧೈರ್ಯ ಯಾರಿಗಪ್ಪಾ ಅಂತ ನಾವೇ ಮುಖ ಮುಖ ನೋಡ್ಕೋತಿದ್ವಿ. ನೀವು ಬಂದು ಬೈತಿದ್ರಿ, ಬೈದು ಸುಸ್ತಾಗಿ ನಮ್ಮ ಜೊತೇನೇ ಕೂತು ಎಳ್ಳು ತುಂಬಿದ ಪೀಠಾ ಕಡುಬು ತಿಂತಿದ್ರಿ. ವರ್ಷಕ್ಕೊಂದಿನ ಆದ್ರೂ ಬರ್ತಾರಲ್ಲ ಅಂತ ಯಾರೂ ನಿಜ ಹೇಳ್ಲಿಲ್ಲ."

ಟಂಕೇಶ್ವರ ಕುಳಿತ. ಅನ್ನ ಬೇಯಿಸಲು ತಂದ ಬಿದಿರ ಕೊಳವೆಗಳು ಪಕ್ಕದಲ್ಲೇ ರಾಶಿ ಬಿದ್ದಿದ್ದವು. ಸುಮ್ಮನೆ ಒಂದನ್ನು ಎತ್ತಿಕೊಂಡ. ಆಗತಾನೆ ಕಡಿದದ್ದು. ಹಸಿರಾಗಿತ್ತು, ತುದಿಯಲ್ಲಿ ಇನ್ನೂ ನೀರು ಜಿನುಗುತ್ತಿತ್ತು. ಅದರ ಮೇಲೆ ಹೆಬ್ಬೆರಳಾಡಿಸಿದ. ತಿರುಗಿಸಿ ಮತ್ತೊಮ್ಮೆ ಆಡಿಸಿದ; ಒಂದು ಸಿಬಿರೂ ಚುಚ್ಚಲಿಲ್ಲ.

ಮಾಖನಿಯ ಅಂಗೈಯಿಂದ ಹದಿನೇಳು ವರ್ಷ ಅವನು ತೆಗೆದ ಸಿಬಿರುಗಳೆಲ್ಲ ಒಣಗಿದ್ದವು, ಗೇಟಿನ ಬಿದಿರಿನಂತೆ ಬೂದುಬಣ್ಣದವು.