ಮೂವತ್ತೇಳು ಎಡಗಿವಿಗಳು

“ನುಂಗಬೇಡಿ!”

ಸನತ್‌ನಗರದ ಕಾರ್ಮಿಕರ ವಠಾರದ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿ ಬಂದ ಲಹರಿ, ಗಿರಿಜಾಬಾಯಿಯ ಅಂಗೈಯಿಂದ ಗುಳಿಗೆಯನ್ನು ಕಿತ್ತುಕೊಂಡಳು. ಗಿರಿಜಾಬಾಯಿ ತೆರೆದ ಬಾಯಿ ತೆರೆದಂತೆಯೇ ಕೂತರು.

“ಮೊದಲ ಕುಂಡ್ರು ತಂಗಿ. ಒಂದೀಟು ಮಂಡಕ್ಕಿ ಒಗ್ಗರಣಿ ತಿನ್ನು,” ಎಂದರು ಬಾಯಿ ಮುಚ್ಚಿದ ಮೇಲೆ.

ಈ ವಠಾರದಿಂದ ಏನೂ ತಿನ್ನದೆ ಎದ್ದು ಹೋಗಲು ಲಹರಿಗೆ ಒಮ್ಮೆಯೂ ಆಗಿರಲಿಲ್ಲ. ಒಂದೇ ವರ್ಷದಲ್ಲಿ ತೂಕದಲ್ಲಿ ಆರು ಕಿಲೋ ಮುಂದೆ ಹೋಗಿದ್ದಳು. ಪಿಎಚ್‌.ಡಿ. ಮಾತ್ರ ಮೊದಮೊದಲು ಇದ್ದಲ್ಲೇ ಇತ್ತು.

ಮೈಸೂರಿನ ಲಹರಿ ಹೈದರಾಬಾದಿಗೆ ಬಂದದ್ದೇ ಸಂಶೋಧನೆಗೆ. ರೋಗಿಗಳ ಮಾಹಿತಿಯ ರಾಶಿಯನ್ನು ಕಂಪ್ಯೂಟರಿನಲ್ಲಿ ಜಾಲಾಡಿ, ಒಟ್ಟಿಗೆ ನುಂಗಿದರೆ ಒಂದಕ್ಕೊಂದು ಆಗಿಬರದ ಔಷಧಿಗಳನ್ನು ಮುಂಚೆಯೇ ಹೆಕ್ಕಿ ಹೇಳುವುದು ಅವಳ ವಿಷಯ. ಹೊಸ ಜೋಡಿ ಒಂದಾದರೂ ಸಿಗದಿದ್ದರೆ ನಾಲ್ಕು ವರ್ಷದ ದುಡಿಮೆ ನೀರಿನಲ್ಲಿ ಹೋಮ. ಅದಕ್ಕೇ ಫಾರಂ ಹಿಡಿದು ಪ್ರತಿ ಭಾನುವಾರ, ರಾಯಚೂರು ಕಡೆಯಿಂದ ಬಂದು ಇಲ್ಲಿ ನೆಲೆಸಿದ ನಲವತ್ತು ಮನೆಗಳನ್ನು ಸುತ್ತುತ್ತಿದ್ದಳು. ನಲವತ್ತೂ ಮನೆಗಳ ಹಿರಿಯರು ನುಂಗುತ್ತಿದ್ದುದು ಎರಡು ಗುಳಿಗೆ. ಒಂದು ಬಿಪಿಗೆ, ಇನ್ನೊಂದು ಮೊಣಕಾಲಿಗೆ.

ಮೊದಲ ಎರಡು ತಿಂಗಳು ಎಲ್ಲ ಕಡೆ ಒಂದೇ ಉತ್ತರ: “ಏನೂ ತ್ರಾಸಿಲ್ಲ, ಆರಾಮ ಅದೀವಿ.” ಜನ ಆರಾಮಾಗಿದ್ದಾರೆಂದು ಅಳು ಬಂದ ಮೊದಲ ಸಂಶೋಧಕಿ ಬಹುಶಃ ಅವಳೇ. ಮೂರನೆಯ ತಿಂಗಳು ಅದೃಷ್ಟ ಖುಲಾಯಿಸಿತು. ಒಂದಾದ ಮೇಲೊಂದು ಮನೆಯಲ್ಲಿ ಎಡಗಿವಿ ಗುಂಯ್‌ಗುಡತೊಡಗಿತು. ನಲವತ್ತರಲ್ಲಿ ಮೂವತ್ತೇಳು!

ಕಂಪ್ಯೂಟರ್ ಕೆಂಪಕ್ಷರದಲ್ಲಿ ಅಪಾಯ ಎಂದಿತು. ಮಾರ್ಗದರ್ಶಕ ರವಿಶಂಕರ್ ಕುರ್ಚಿಯಿಂದ ಎದ್ದೇಬಿಟ್ಟರು.

“ಜಗತ್ತಿನಲ್ಲಿ ಎಲ್ಲೂ ಇಲ್ಲದ್ದು ಸಿಕ್ಕಿದೆಯಮ್ಮಾ! ಆದರೆ ಆ ಮೂರು ಮನೆಯವರಿಗೆ ಯಾಕಿಲ್ಲ? ಪರೀಕ್ಷಕರು ಕೇಳೋದೇ ಅದನ್ನ.”

ಲಹರಿ ಆ ಮೂರು ಮನೆಗಳ ಅಡುಗೆಮನೆ ಹೊಕ್ಕಳು. ಅದೇ ಅಂಗಡಿಯ ಗುಳಿಗೆ, ಅದೇ ನಲ್ಲಿಯ ನೀರು. ಹುಡುಕಿ ಹುಡುಕಿ ಕೊನೆಗೆ ಸಿಕ್ಕಿದ್ದು ಪುಂಡಿಸೊಪ್ಪು. ಮೂರೂ ಮನೆಯವರು ಅದರ ಪಲ್ಯವನ್ನು ವಾರಕ್ಕೆ ಮೂರು ಸಲ ತಿನ್ನುತ್ತಿದ್ದರು. ಪುಂಡಿಸೊಪ್ಪು ಕಿವಿಯನ್ನು ಕಾಯುವ ಬಗೆ ಕುರಿತು ಇಪ್ಪತ್ತೆರಡು ಪುಟಗಳ ಅಧ್ಯಾಯವೇ ಸಿದ್ಧವಾಯಿತು. ನಾಳೆ ಅದನ್ನು ಪರೀಕ್ಷಕರ ಮುಂದಿಡಬೇಕು.

ಆದರೆ ಹೀಗೇ ನುಂಗುತ್ತಿದ್ದರೆ ಕಿವಿಯೇ ಹೋದೀತು ಎಂದು ಕಂಪ್ಯೂಟರ್ ಇಂದು ಬೆಳಿಗ್ಗೆಯಷ್ಟೇ ಹೇಳಿತ್ತು. ಈಗ ಅವಳಿಗೆ ಪ್ರಬಂಧಕ್ಕಿಂತ ಗಿರಿಜಾಬಾಯಿಯದೇ ಚಿಂತೆ. ಗುರುತು ಪರಿಚಯವಿಲ್ಲದ ಊರಿನಲ್ಲಿ ಕರೆದು ಕೂರಿಸಿ ಉಣಿಸಿದವರು. ಅವರು ಕಿವುಡರಾದರೆ ತನ್ನಿಂದ ತಡೆಯಲಾಗದು ಎನಿಸಿತು.

“ಈಗ ಹೇಗಿದೆ ಕಿವಿ, ಆಂಟಿ?”

ಗಿರಿಜಾಬಾಯಿ ಬಲಗಿವಿ ಹಿಡಿದರು. ತಟ್ಟನೆ ಎಡಗಿವಿಗೆ ಕೈ ಬದಲಿಸಿದರು. “ಗುಂಯ್ ಅನ್ನಾಕತ್ತೈತಿ.”

ಅಯ್ಯೋ, ಎರಡೂ ಕಡೆ ಹಬ್ಬಿದೆ! ಲಹರಿಯ ಕಣ್ಣು ತುಂಬಿತು. “ಹೆದರಬೇಡಿ. ನಾಳೆಯೇ ಸರ್ಕಾರಕ್ಕೆ ಬರೀತೀವಿ. ಈ ಮೊಣಕಾಲಿನ ಗುಳಿಗೆ ಇನ್ನು ಯಾರಿಗೂ ಸಿಗದ ಹಾಗೆ ಬಂದ್ ಮಾಡಿಸ್ತೀವಿ.”

ಗಿರಿಜಾಬಾಯಿಯ ಕೈ ಕಿವಿಯಿಂದ ಮೊಣಕಾಲಿಗೆ ಇಳಿಯಿತು.

“ಬಂದ್? ಏ, ಹಂಗ ಮಾಡಬ್ಯಾಡ ನಮ್ಮವ್ವಾ! ಆ ಗುಳಿಗಿ ಇರೂದಕ್ಕ ನಾ ಮೆಟ್ಟಲಾ ಹತ್ತಾಕತ್ತೀನಿ. ಕಿವಿಗೆ ಏನೂ ಆಗಿಲ್ಲ!”

“ಮತ್ತೆ ಗುಂಯ್ ಅಂತ ಹೇಳಿದ್ದು?”

“ಆರಾಮ ಅದೀವಿ ಅಂದಾಗೊಮ್ಮೆ ನಿನ್ನ ಮಾರಿ ಸಣ್ಣ ಆಗತಿತ್ತು. ಮನಿಗೆ ಬಂದ ಹೆಣ್ಮಗಳನ್ನ ಬರಿಗೈಲೆ ಹೆಂಗ ಕಳಸೂದು? ಕಿವಿಯೊಳಗ ಯಾರು ಇಣುಕಿ ನೋಡತಾರ ಅಂತ ನಾನ ಮನಿಮನಿಗೆ ಹೋಗಿ ಹೇಳಿಕೊಟ್ಟು ಬಂದೆ. ಒಬ್ಬೊಬ್ಬರು ಒಂದೊಂದು ಹೇಳಿದ್ರ ನಿನಗ ಲೆಕ್ಕ ಹಾಕಾಕ ತ್ರಾಸ ಅಲ್ಲೇನು?”

ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆ. ಲಹರಿಯ ಕೈಯಲ್ಲಿ ಉಳಿದದ್ದು ಪುಂಡಿಸೊಪ್ಪು.

“ಹಾಗಾದರೆ ಆ ಮೂರು ಮನೆಯವರು? ಅವರ ಕಿವಿ ಮಾತ್ರ ಯಾಕೆ ಗುಂಯ್ ಅನ್ನಲಿಲ್ಲ?”

“ಅವರ ಕೂಡ ನಾ ಮಾತು ಬಿಟ್ಟು ಎರಡು ವರ್ಷ ಆತು,” ಎಂದರು ಗಿರಿಜಾಬಾಯಿ.