ಇಂಗ್ರಿಡ್‌ಳ ಕನ್ನಡ ಪಾಠ

ಮುಂದಿನ ತಿಂಗಳು ಗದಗಿನ ಆಸ್ಪತ್ರೆಯೊಂದಕ್ಕೆ ಇಂಟರ್ನ್‌ಶಿಪ್‌ಗೆ ಬರಲಿದ್ದ ನಾರ್ವೆಯ ವಿದ್ಯಾರ್ಥಿನಿ ಇಂಗ್ರಿಡ್‌ಗೆ ಪೂರ್ಣಿಮಾ ಮನೆಯಿಂದಲೇ, ಲ್ಯಾಪ್‌ಟಾಪಿನಲ್ಲಿ ಕನ್ನಡ ಕಲಿಸುತ್ತಿದ್ದಳು. ಮನಸ್ಸಿಲ್ಲದ ಕೆಲಸವನ್ನು ಯಾರಾದರೂ ಹೇಳಿದರೆ ಏನನ್ನಬೇಕೆಂದು ಅವತ್ತು ಇಂಗ್ರಿಡ್ ಕೇಳಿದಳು.

"ಈಗ ಆಗೂದಿಲ್ರೀ," ಎಂದು ಹೇಳಿಕೊಟ್ಟಳು ಪೂರ್ಣಿಮಾ. "ಯಾಕ ಅಂತ ಕೇಳಿದ್ರ, ಮತ್ತ ಇದನ್ನ ಅನ್ನು."

ಆ ಹುಡುಗಿಯ ನಾಲಿಗೆ ಹೊರಳಲೊಲ್ಲದು. ಪೂರ್ಣಿಮಾ ಹತ್ತು ಸಲ, ಇಪ್ಪತ್ತು ಸಲ ಅನ್ನಿಸಿದಳು. ಪಕ್ಕದಲ್ಲೇ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದ ಅತ್ತೆಗೆ ತಡೆಯಲಾಗಲಿಲ್ಲ.

"ಪರದೇಶದ ಹುಡುಗಿಗೆ ಇಂಥಾದ್ದು ಕಲಸ್ತಾರೇನವಾ? ಹಿರ್ಯಾರು ಹೇಳಿದ್ರ ಹೂಂ ಅನಬೇಕು. ಈ ಮನಿಗೆ ಬಂದು ಮೂವತ್ತೆಂಟು ವರ್ಷ ಆತು, ನಾ ಒಮ್ಮೆರ ಹಿಂಗ ಅಂದೀನೇನು?"

"ಅಂದಿಲ್ರೀ ಅತ್ತಿ. ಅದಕ್ಕ ಆಕಿಗೆ ಇಲ್ಲಿ ಬರೂ ಮೊದಲ ಕಲಸಾಕತ್ತೀನಿ."

ಅತ್ತೆ ಮುಖ ಗಂಟಿಕ್ಕಿಕೊಂಡು, ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದರು.

ಮಧ್ಯಾಹ್ನ ಮಾವನವರು ಉಂಡು ಕೈತೊಳೆದು ಜೋಕಾಲಿಯ ಮೇಲೆ ಕೂತರು. ಆಮೇಲೆ ಅತ್ತೆ ಸೊಸೆ ಇಬ್ಬರೂ ತಟ್ಟೆ ಹಾಕಿಕೊಂಡರು. ಅತ್ತೆ ಮೊದಲ ತುತ್ತು ರೊಟ್ಟಿ ಮುರಿದಿದ್ದರಷ್ಟೇ, ಜೋಕಾಲಿಯಿಂದ ಕೂಗು ಬಂತು.

"ಏಯ್, ಎಲಿ ಅಡಕಿ ತಾ."

ಪೂರ್ಣಿಮಾ ಏಳಹೋದಳು. ಅತ್ತೆ ಅವಳ ಮೊಣಕೈ ಹಿಡಿದು ಕೂರಿಸಿದರು.

"ಈಗ ಆಗೂದಿಲ್ರೀ."

ಜೋಕಾಲಿ ನಿಂತಿತು. "ಏನಂದಿ? ಯಾಕ ಆಗೂದಿಲ್ಲ?"

ಅತ್ತೆ ರೊಟ್ಟಿಗೆ ಪಲ್ಯ ಹಚ್ಚಿಕೊಂಡರು. "ಈಗ... ಆಗೂದಿಲ್ರೀ," ಎಂದು ಬಿಡಿಸಿ ಬಿಡಿಸಿ ಹೇಳಿ, ಸೊಸೆಯ ಕಡೆ ತಿರುಗಿದರು.

"ಉಚ್ಚಾರ ಸರಿ ಬಂತೇನವಾ?"