ಹೆಸರಿಟ್ಟ ಮೇಲೆ

ಬಿಳಿಯದು ಕೊನೆಗೂ ನೀರಿನಿಂದ ಮೇಲೆದ್ದಿತು. ಅಂಬಿಕಾ ಉಸಿರು ಬಿಗಿಹಿಡಿದಳು. ವೀಡಿಯೊ ಆಟದೊಳಗಿನ ಮುಳುಗಿದ ಪಟ್ಟಣ. ಅದರ ನಡುವೆ ಒಂದು ಮೆಟ್ಟಿಲುಬಾವಿ. ದೀಪವಾರಿಸಿ ಇಳಿದವರಿಗೆ ಮಾತ್ರ ಅಲ್ಲಿ ಅದು ಕಾಣುತ್ತದೆಂದು ಅವಳ ಊಹೆ. ವೆರ್ಣಾದ ಕಾರ್ಖಾನೆಯ ಪಾಳಿ ಮುಗಿಸಿ ಬಂದು ಮಳೆಗಾಲದುದ್ದಕ್ಕೂ ಹುಡುಕಿದ್ದಳು. ಒಮ್ಮೆ ಸುಳಿದು ಮರೆಯಾಗಿತ್ತು. ಇಂದು ಅವಳ ಮನೆಯಿರುವ ಸಡಾದ ಗುಡ್ಡದಿಂದ ಭಾನುವಾರದ ಬಿಸಿಲು ಬಂದರಿನ ಕಡೆಗೆ ಇಳಿಯುತ್ತಿರುವಾಗ, ಈಟಿ ಹಿಡಿದ ಅವಳ ಆಟಗಾರನ ಎದುರಿಗೇ ಬಂದು ನಿಂತಿತ್ತು.

ಈ ಆಟ ಕಟ್ಟಿದವರು ಶತ್ರುಗಳಿಗೆ ಹೆಸರಿಟ್ಟಿರಲಿಲ್ಲ. ಆಡುವವರೇ ಕೂಡಿ ಒಂದು ವಿಕಿ ತೆರೆದು, ಒಂದೊಂದು ಬಗೆಗೆ ಒಂದೊಂದು ಪುಟ ಬರೆದು, ಕೆಸರುಭೂತ, ಉಪ್ಪುಭೂತ, ಸರಪಳಿಭೂತ ಎಂದು ವಿಂಗಡಿಸುತ್ತ ಬಂದಿದ್ದರು. ಬಿಳಿಯದರ ಪುಟ ಅಂಬಿಕಾಳದು. ಅದು ಉಳಿಯುವುದು ಈ ಸಂಜೆಯವರೆಗೆ ಮಾತ್ರ. ಬೂದುಬಕನೆಂಬ ಹೆಸರಿನಲ್ಲಿ ಬರೆಯುವ, ಯಾವ ದೇಶದವನೆಂದು ಯಾರಿಗೂ ತಿಳಿಯದ ಹಿರಿಯ ಸಂಪಾದಕ ಖಂಡಿತವಾಗಿ ಹೇಳಿದ್ದ: ಇದು ಬಣ್ಣ ಬದಲಾದ ಉಪ್ಪುಭೂತ, ಅಷ್ಟೆ, ಬೇರೆಯೇ ಎನ್ನುವುದಾದರೆ ಹೆಸರು, ನಡೆ, ಸಾಯುವ ಬಗೆ ಈ ಖಾನೆಗಳೆಲ್ಲ ತುಂಬಿರಬೇಕು, ಇಲ್ಲವಾದರೆ ಪುಟವನ್ನು ಅಳಿಸುತ್ತೇನೆ.

ಬಾಗಿಲ ಬಳಿ ಒಣ ಸಿಗಡಿಯ ತಲೆ ಮುರಿಯುತ್ತ ಕುಳಿತಿದ್ದ ಸೋದರತ್ತೆ ಸುಂದರವ್ವ, ಹುಡುಗಿಯ ಕೈ ನಿಂತದ್ದನ್ನು ಕಂಡು ಹತ್ತಿರ ಸರಿದಳು.

"ಇದ್ಯಾಕ ನಿನ್ನ ಮ್ಯಾಲ ಏರಿ ಬರವಲ್ದು?"

"ಅದಽ ನನಗೂ ತಿಳೀವಲ್ದು ಅತ್ತಿ. ಉಳಿದಾವು ಕಂಡ ಕೂಡ್ಲೆ ಮ್ಯಾಲ ಹಾರತಾವು."

ಅಂಬಿಕಾ ಆಟಗಾರನನ್ನು ಒಂದು ಹೆಜ್ಜೆ ಮುಂದೆ ನಡೆಸಿದಳು. ಬಿಳಿಯದು ಪಕ್ಕಕ್ಕೆ ಸರಿದು ಗೋಡೆಗೆ ಅಂಟಿತು. ಸಡಾದ ಇಕ್ಕಟ್ಟಾದ ಮೆಟ್ಟಿಲುಗಳಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತವರು ಎದುರು ಬಂದವರಿಗೆ ದಾರಿ ಬಿಡುವ ಹಾಗೆ. ಅವಳ ಮೈ ಝುಮ್ಮೆಂದಿತು. ಈ ಆಟದಲ್ಲಿ ಇದುವರೆಗೆ ಯಾವುದೂ ದಾರಿ ಬಿಟ್ಟಿರಲಿಲ್ಲ. ಆಟ ಕಟ್ಟಿದವರಲ್ಲಿ ಯಾರೋ ಒಬ್ಬ, ಎಲ್ಲಿಯೋ ಕುಳಿತು, ಯಾರೂ ಇಳಿಯಲೊಲ್ಲದ ಕತ್ತಲೆಯೊಂದರಲ್ಲಿ, ಯಾರಿಗೂ ಕಾಣದೇ ಉಳಿಯಬಹುದೆಂದು ಬಲ್ಲವನಾಗಿಯೂ, ಇಷ್ಟೊಂದು ಸೌಜನ್ಯವನ್ನು ಇಟ್ಟುಹೋಗಿದ್ದ.

ಸುಂದರವ್ವ ಇದರ ಹೆಸರೇನೆಂದು ಕೇಳಿದಳು. ಹೆಸರಿನ್ನೂ ಇಲ್ಲವೆಂದೂ, ಒಬ್ಬರ ಮುಖವನ್ನೊಬ್ಬರು ಕಾಣದ ಬ್ರೆಜಿಲಿನವರು, ಜಪಾನಿನವರು ಅದಕ್ಕಾಗಿ ವಾರಗಟ್ಟಲೆ ವಾದಿಸುತ್ತಿದ್ದಾರೆಂದೂ ಅಂಬಿಕಾ ಹೇಳಿದಾಗ ಅತ್ತೆಯ ಕೈಯೊಳಗಿನ ಸಿಗಡಿ ಹಾಗೆಯೇ ಉಳಿಯಿತು.

"ಕೊಲ್ಲಾಕ ಬರೋವಕ್ಕೂ ಕುಂತು ಹೆಸರಿಡತೀರೇನವ್ವಾ?"

ಆ ದನಿಯಲ್ಲಿ ಚೇಷ್ಟೆಯಿರಲಿಲ್ಲ. ಊರು ಬಿಟ್ಟು ಬಂದು ಮೊದಲ ಬಾರಿ ಕಡಲನ್ನು ಕಂಡ ದಿನ ಅವಳು ಹೀಗೆಯೇ ಮೆಲ್ಲಗೆ ಮಾತಾಡಿದ್ದಳೆಂದು ಅಂಬಿಕಾಳ ಅಪ್ಪ ಹೇಳುವುದಿತ್ತು. ಮನೆಯಲ್ಲಿ ಸೋದರತ್ತೆ ಇರುವಾಗ ಹೆಸರನ್ನು ಹೊರಗಿನವರೇಕೆ ಇಡಬೇಕೆಂದು ಗದರಿ, ಅಣ್ಣನ ಮಕ್ಕಳಿಗೆಲ್ಲ ಹೆಸರಿಟ್ಟ ಆ ಹೆಂಗಸು ಸೆರಗಿಗೆ ಕೈ ಒರೆಸಿಕೊಂಡಳು. ನಾಮಕರಣದಲ್ಲಿ ತೊಟ್ಟಿಲ ಕೂಸಿನ ಕಿವಿಗೆ ಬಾಗುವಂತೆ ಪರದೆಗೆ ಬಾಗಿ, ಹೆಸರಿಗೆ ಮುಂಚಿನ ವಾಡಿಕೆಯಂತೆ "ಕುರ್‌ರ್" ಎಂದಳು.

"ಯಮನೂರ."

ಕಾರಣವನ್ನೂ ಅವಳೇ ಕೊಟ್ಟಳು. ಮೈಯೆಲ್ಲ ಸುಣ್ಣ ಬಳಿದಂತಾಗಿದೆ, ನೀರು ಬಿಟ್ಟು ದೂರ ಹೋಗುತ್ತಿಲ್ಲ. ಚರ್ಮದ ಬೇನೆಯವರು ಯಮನೂರಿನ ಹಳ್ಳದಲ್ಲಿ ಹೀಗೆಯೇ ನಿಂತು ಮೀಯುವುದನ್ನು ಅವಳು ಚಿಕ್ಕಂದಿನಲ್ಲಿ ಕಂಡಿದ್ದಳು. ಆಮೇಲೆ ಬೆನ್ನು ಬಾಗಿಸಿ ಕಾದಳು. ಹೆಸರಿಟ್ಟ ಸೋದರತ್ತೆಯ ಬೆನ್ನಿಗೆ ನೆರೆದವರೆಲ್ಲ ಗುದ್ದಬೇಕು; ಆಗಲೇ ಹೆಸರು ನಿಲ್ಲುವುದು. ನೆರೆದವಳು ಅಂಬಿಕಾ ಒಬ್ಬಳೇ. ನಗುತ್ತ ಮೆಲ್ಲಗೊಂದು ಗುದ್ದು ಹಾಕಿದಳು.

"ಇಷ್ಟಽ? ನಿನಗ ಹೆಸರಿಟ್ಟಾಗ ಓಣಿ ಮಂದಿ ನನ್ನ ಬೆನ್ನಽ ಮುರದಿದ್ರು."

ಕಿಟಕಿಯಾಚೆ ಬೆಳಕು ಕೆಂಪಾಗುತ್ತಿತ್ತು. ಅಂಬಿಕಾ ಈಟಿ ಎತ್ತಿದಳು.

"ಏನ್ ಮಾಡಾಕತ್ತಿ?"

"ಹೆಂಗ ಸಾಯ್ತೈತಿ ಅಂತ ಬರೀಬೇಕು ಅತ್ತಿ. ಇಲ್ಲಂದ್ರ ಪುಟಾನಽ ತಗದು ಒಗೀತಾರ."

"ಹೆಸರಿಟ್ಟ ಮ್ಯಾಲ?"

ಬಿಳಿಯದು ಗೋಡೆಗೊರಗಿ ನಿಂತೇ ಇತ್ತು. ಒಂದು ಇರಿತ ಸಾಕಿತ್ತು. ಒಂದು ಮಳೆಗಾಲದ ಹುಡುಕಾಟ ಕೈಗೂಡುತ್ತಿತ್ತು. ಅಂಬಿಕಾಳ ಬೆರಳು ಗುಂಡಿಯ ಮೇಲೆ ಕುಳಿತು, ತಡೆದು, ಹಿಂದೆ ಸರಿಯಿತು. ಈಟಿ ಕೆಳಗಿಳಿಯಿತು. ಅದಕ್ಕೇ ಕಾದಿತ್ತೋ ಎಂಬಂತೆ ಯಮನೂರ ಗೋಡೆ ಬಿಟ್ಟು, ಮೆಟ್ಟಿಲ ಮೇಲೆ ಮೆಟ್ಟಿಲಿಳಿದು, ತನ್ನ ನೀರಿಗೆ ಮರಳಿತು. ಮೇಲಿನ ಅಲೆ ಬಹಳ ಹೊತ್ತು ಅಲುಗುತ್ತಿತ್ತು.

ಅವಳು ತಾನು ಕಂಡದ್ದರ ವೀಡಿಯೊ ಏರಿಸಿ, ಹೆಸರು ಬರೆದಳು, ನಡೆ ಬರೆದಳು. ಸಾಯುವ ಬಗೆಯ ಖಾನೆಯನ್ನು ಖಾಲಿ ಬಿಟ್ಟಳು. ಟಿಪ್ಪಣಿಯಲ್ಲಿ, ಹೆಸರಿಟ್ಟವಳು ತನ್ನ ಸೋದರತ್ತೆಯೆಂದೂ, ಹೆಸರಿಟ್ಟುದನ್ನು ಕೊಲ್ಲಲು ಕೈ ಬರಲಿಲ್ಲವೆಂದೂ, ನೆರೆದವರೆಲ್ಲ ಅವಳ ಬೆನ್ನಿಗೆ ಗುದ್ದಿದರೇ ಹೆಸರು ನಿಲ್ಲುವುದೆಂದೂ, ಆ ಬೆನ್ನಿಗೆ ಬಿದ್ದದ್ದು ಒಂದೇ ಗುದ್ದು ಎಂದೂ ಬರೆದು, ಅಳಿಸುವವನ ದಾರಿ ಕಾಯುತ್ತ ಕುಳಿತಳು.

ದೀಪ ಹಚ್ಚುವ ಹೊತ್ತಿಗೆ ಬೂದುಬಕ ಬಂದ. "ಉಪ್ಪುಭೂತ ಯಾರಿಗೂ ದಾರಿ ಬಿಡುವುದಿಲ್ಲ. ಇದು ಬೇರೆಯೇ. ಖಾಲಿ ಖಾನೆಯನ್ನು ಯಾರೂ ತುಂಬದಂತೆ ಬೀಗ ಹಾಕಿದ್ದೇನೆ" ಎಂದು ಬರೆದಿದ್ದ. ಅದರ ಕೆಳಗೆ, ಮಾತಿಲ್ಲದೆ, ಬಿಗಿದ ಮುಷ್ಟಿಯ ಪುಟ್ಟದೊಂದು ಚಿತ್ರ. ಅವಳು ನೋಡುತ್ತಿದ್ದಂತೆಯೇ ಅದರ ಕೆಳಗೆ ಇನ್ನೊಂದು ಮುಷ್ಟಿ ಮೂಡಿತು. ಹೆಸರೇ ಕೇಳದ ಊರುಗಳಿಂದ ಮತ್ತೊಂದು, ಮಗದೊಂದು.

ಇವು ಯಾಕೆ ಬರುತ್ತಿವೆಯೆಂದು ಅಂಬಿಕಾ ತಿಳಿಸಿ ಹೇಳಿದಳು. ಸುಂದರವ್ವ ಎಲ್ಲವನ್ನೂ ಕೇಳಿಸಿಕೊಂಡಳು, ಸೆರಗು ಸರಿಪಡಿಸಿಕೊಂಡಳು, ಪರದೆಯ ಕಡೆಗೆ ಬೆನ್ನು ತಿರುಗಿಸಿ ಬಾಗಿ ಕುಳಿತಳು.